ಬಿಸಿ ಹೋಳಿಗೆ ಮತ್ತು ಕ್ರೀಟ್ ದ್ವೀಪದ ಎಲೆನಿ

ಬಡಿಸುವವರು ಎದುರಿಗೆ ಬಂದು ನಿಂತಾಗ, ಹೊಟ್ಟೆಯಲ್ಲಿ ಧಾರಾಳವಾಗಿ ಜಾಗವಿದ್ದರೂ, ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು 'ಸಾಕು, ಸಾಕು' ಎನ್ನುವುದು ಮೈಸೂರಿನವರಾದ ನಮಗೆ ಜನ್ಮಜಾತವಾಗಿ ಬಂದ ಸಂಸ್ಕಾರ. ಬಡಿಸುವವರು ಅದನ್ನು ನಂಬಬಾರದು. ನಂಬಿದರೆ ಅವರಿಗೆ ಬಡಿಸಲು ಬರುವುದಿಲ್ಲವೆಂದೇ ಅರ್ಥ. ಎಂಬತ್ತರ ದಶಕದ ಕೊನೆಯಲ್ಲಿ ಈ ಸಂಸ್ಕಾರವನ್ನು ಹೊತ್ತುಕೊಂಡು ಸಿಡ್ನಿಯಲ್ಲಿ ಬಂದಿಳಿದ ನಾನು ಎಷ್ಟು ಔತಣಗಳಿಂದ ಅರೆಹೊಟ್ಟೆಯಲ್ಲಿ ವೆಸ್ಟ್‌ಮೀಡ್‌ನ ಬಾಡಿಗೆ ಫ್ಲ್ಯಾಟಿಗೆ ಮರಳಿ, ಕದ್ದು ಮೊಸರನ್ನ ಕಲಸಿಕೊಂಡಿದ್ದೇನೆಂಬುದು ನನಗೂ ನಮ್ಮ ಫ್ರಿಜ್ಜಿಗೂ ಮಾತ್ರ ಗೊತ್ತು. ಇಲ್ಲಿಯ ಜನ ಸತ್ಯಸಂಧರು. ನೀವು ಒಮ್ಮೆ ಬೇಡವೆಂದರೆ ಸಾಕು, ಪಾತ್ರೆ ಪಕ್ಕದವರ ಕಡೆಗೆ ಹೊರಟೇಬಿಡುತ್ತದೆ. ಕ್ರಮೇಣ ನಾನೂ ನಾಚಿಕೆ ಬಿಟ್ಟು, ಮೊದಲ ಸಲಕ್ಕೇ ತಟ್ಟೆ ಚಾಚುವ ವಿದ್ಯೆಯನ್ನು ಕರಗತ ಮಾಡಿಕೊಂಡೆ.

ಆ ವಿದ್ಯೆ ಒಲಿಯದೆ ಹೋದದ್ದು ನನ್ನ ದೊಡ್ಡಮ್ಮನಿಗೆ. ತಾಯಿಯಿಲ್ಲದ ನನ್ನನ್ನು ಸಾಕಿದವರು ಅವರೇ. ನಾವು ಮೆಲ್ಬರ್ನಿಗೆ ಬಂದು ನೆಲೆಸಿದ ಮೇಲೆ ಆರು ತಿಂಗಳ ಮಟ್ಟಿಗೆ ಅವರನ್ನು ಕರೆಸಿಕೊಂಡಿದ್ದೆವು. ಮೈಸೂರಿನ ಮದುವೆಮನೆಗಳಲ್ಲಿ ದೊಡ್ಡಮ್ಮ ತುಪ್ಪದ ಪಾತ್ರೆ ಹಿಡಿದು ಪಂಕ್ತಿಯೊಳಗೆ ಇಳಿದರೆಂದರೆ ಎಂಥ ಪಥ್ಯದವರೂ ಶರಣಾಗುತ್ತಿದ್ದರು. ಅಂಥವರು ನಮ್ಮ ಮನೆಯಲ್ಲಿ ನಿರುದ್ಯೋಗಿಯಾದರು. ಎಂಟು ವರ್ಷದ ಮಗಳು ಮೇಧಾ 'ನೋ ಥ್ಯಾಂಕ್ಸ್, ಅಜ್ಜಿ' ಎನ್ನುತ್ತಿದ್ದಳು, ನಿಜಕ್ಕೂ ಬೇಡವಾಗಿಯೇ ಹಾಗೆನ್ನುತ್ತಿದ್ದಳು. ನನ್ನ ಹೆಂಡತಿ ವತ್ಸಲೆಗೆ ಡಯಟ್ಟು. ಬಂದ ಅತಿಥಿಗಳು ತಾವೇ ಬಡಿಸಿಕೊಳ್ಳುತ್ತಿದ್ದರು. ತಿಂಗಳು ತುಂಬುವ ಮೊದಲೇ ದೊಡ್ಡಮ್ಮ ಒಂದು ಬೆಳಿಗ್ಗೆ, "ನನ್ನ ಟಿಕೆಟ್ಟು ಬೇಗಕ್ಕೆ ಮಾಡಿಸಿಬಿಡೋ. ಇಲ್ಲಿ ನನ್ನಿಂದ ಯಾರಿಗೇನಾಗ್ಬೇಕಾಗಿದೆ?" ಎಂದರು. ಅವರನ್ನು ಉಳಿಸಿಕೊಳ್ಳುವುದು ಹೇಗೆಂದು ತೋಚದೆ, ಬುದ್ಧಿ ಓಡದ ಗಂಡಸರೆಲ್ಲ ಮಾಡುವುದನ್ನೇ ನಾನೂ ಮಾಡಿದೆ: ಎಲ್ಲರನ್ನೂ ಹೋಟೆಲಿಗೆ ಹೊರಡಿಸಿದೆ.

ಅದು ನಮ್ಮ ಸಬರ್ಬಿನ ಗ್ರೀಕ್ ಹೋಟೆಲು. ಒಳಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತುಬಿಟ್ಟೆ. ಗೋಡೆಯ ತುಂಬ ಕ್ರೀಟ್ ದ್ವೀಪದ ಒಂದು ಬಂದರಿನ ಚಿತ್ರಗಳು. ನೀರಿನ ಅಂಚಿನವರೆಗೂ ಮೇಜುಗಳು, ಮೇಜಿನ ಸುತ್ತ ಜನ, ಜನರ ಹಿಂದೆ ದೋಣಿಗಳು. ಚಿತ್ರದೊಳಗಿನ ಆ ಊರೇ ಎದ್ದು ಬಂದು ಇಲ್ಲಿ ಊಟಕ್ಕೆ ಕೂತಿದೆಯೇನೋ ಎಂಬಷ್ಟು ಗದ್ದಲ. ಅಜ್ಜಂದಿರು, ಮೊಮ್ಮಕ್ಕಳು, ಕೂಸುಗಳು ಎಲ್ಲರೂ ಒಂದೇ ತಟ್ಟೆಗೆ ಕೈಹಾಕುವವರೇ, ಪಕ್ಕದ ಮೇಜಿನವರೊಡನೆ ಕೂಗಿ ಮಾತಾಡುವವರೇ. ಮಿತಭಾಷಿಗಳ ಈ ನಗರದಲ್ಲಿ ಇಂಥದೊಂದು ಲೋಕ ನಮ್ಮ ಮನೆಯಿಂದ ನಾಲ್ಕು ಬೀದಿಯಾಚೆಗೆ ಇಷ್ಟು ದಿನ ಉಣ್ಣುತ್ತಾ ನಗುತ್ತಾ ಇತ್ತೆಂಬುದು ನನಗೆ ಪರಮಾಶ್ಚರ್ಯವಾಯಿತು.

ಹೋಟೆಲಿನ ಒಡತಿ ಎಲೆನಿ ಅಲ್ಲಿಯವರೇ, ಆ ಬಂದರಿನವರು. ಬೇಸಿಗೆಯಲ್ಲಿ ತಮ್ಮೂರಿಗೆ ಪ್ರವಾಸಿಗರು ಮುಗಿಬೀಳುತ್ತಾರೆಂದೂ, ಊಟ ಮುಗಿದರೂ ಯಾರನ್ನೂ ಎಬ್ಬಿಸುವ ಪದ್ಧತಿ ಇಲ್ಲವೆಂದೂ, ಕೂತವರ ಮುಂದೆ ಹಣ್ಣು ತಂದಿಟ್ಟು ಇನ್ನಷ್ಟು ಕೂರಿಸುತ್ತಾರೆಂದೂ ನಮಗೆ ಹೇಳಿದರು. ಹೋಟೆಲಿನಲ್ಲಿ ಜನ್ಮದಲ್ಲೇ ಉಣ್ಣದ ದೊಡ್ಡಮ್ಮ, ಮೊಸರು ಸೌತೆಕಾಯಿ ಮಾತ್ರ ಸಾಕೆಂದು ಬಿಗಿಯಾಗಿ ಕೂತಿದ್ದರು. ಎಲೆನಿ ಅದನ್ನು ಕೇಳಿಸಿಕೊಂಡ ಹಾಗೇ ಕಾಣಲಿಲ್ಲ. ಮಾಂಸದ ಸೋಂಕಿಲ್ಲವೆಂದು ನನಗೆ ಆಣೆಯಿಟ್ಟು, ಟೊಮ್ಯಾಟೊದಲ್ಲಿ ಬೇಯಿಸಿದ ದಪ್ಪ ಬಿಳಿ ಕಾಳು, ಬೆಂಡೆಕಾಯಿ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ ತಂದರು. ದೊಡ್ಡಮ್ಮ ತಟ್ಟೆಗೆ ಕೈ ಅಡ್ಡ ಹಿಡಿದರು. ಎಲೆನಿ ಒಂದು ಕೈಯಿಂದ ಆ ಕೈಗಳನ್ನು ಮೆಲ್ಲನೆ ಸರಿಸಿ, ಇನ್ನೊಂದರಿಂದ ಬಡಿಸಿ, "ಈಟ್, ಈಟ್!" ಎಂದು ಭುಜ ತಟ್ಟಿ, ತುತ್ತು ಬಾಯಿಗೆ ಹೋಗುವವರೆಗೂ ಅಲ್ಲಿಂದ ಕದಲಲಿಲ್ಲ. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ದೊಡ್ಡಮ್ಮ ನನ್ನ ಕಡೆಗೆ ತಿರುಗಿದರು. ಅವರ ಮುಖದಲ್ಲಿ ಅಷ್ಟು ಬೆರಗನ್ನು ನಾನೆಂದೂ ಕಂಡಿರಲಿಲ್ಲ.

"ಬಿಡೋದೇ ಇಲ್ವಲ್ಲೋ ಈಕೆ! ಯಾರೋ ಇವಳಿಗೆ ಕಲಿಸಿದ್ದು?"

ಮನೆಗೆ ಮರಳುವಾಗ ಕಾರಿನಲ್ಲಿ, "ಟಿಕೆಟ್ಟು ಆಮೇಲೆ ನೋಡೋಣ. ಸೋಮವಾರ ಹೋಟೆಲು ರಜಾ ಅಂತೆ, ಅವಳನ್ನ ಊಟಕ್ಕೆ ಕರಿ. ನಾನೂ ಒಂದು ಕೈ ನೋಡ್ಬೇಕು" ಎಂದರು.

ಎಲೆನಿ ಬಂದರು. ದೊಡ್ಡಮ್ಮ ಒಲೆಯ ಮುಂದೆ ನಿಂತು ಹೋಳಿಗೆ ಬೇಯಿಸುತ್ತಾ, ಕಾವಲಿಯಿಂದ ಇಳಿದದ್ದನ್ನು ಇಳಿದಂತೆಯೇ ತಂದು ಬಡಿಸಲು ಅಣಿಯಾದರು. ಆದರೆ ಎಲೆನಿ ಮೇಜಿನ ಮೇಲಿನ ತಟ್ಟೆಗಳನ್ನು ನೋಡಿ, ಅಜ್ಜಿಯ ತಟ್ಟೆ ಎಲ್ಲಿ ಎಂದು ಮೇಧಾಳನ್ನು ಕೇಳಿದರು. "ಅಜ್ಜಿ ಈಟ್ಸ್ ಲಾಸ್ಟ್" ಎಂದಳು ಅವಳು, ಆಕಾಶ ನೀಲಿ ಎಂಬಷ್ಟು ಸಹಜವಾಗಿ. ಎಲೆನಿ ಎದ್ದರು. ಅಡುಗೆಮನೆಯಿಂದ ತಟ್ಟೆಯೊಂದನ್ನು ತಂದಿಟ್ಟು, ದೊಡ್ಡಮ್ಮನನ್ನು ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿ, ತಾವೇ ಕಾವಲಿಯ ಮೇಲಿನ ಹೋಳಿಗೆಯನ್ನು ತಂದು ಹಾಕಿ, ತುಪ್ಪ ಸುರಿದು, ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತರು.

ಮುಂದೆ ದೊಡ್ಡಮ್ಮ ಆರು ತಿಂಗಳೂ ಪೂರ್ತಿ ಉಳಿದರು. ಸೋಮವಾರಗಳೆಲ್ಲ ಎಲೆನಿಯ ಪಾಲಾದವು. ಆದರೆ ನನ್ನ ಮನಸ್ಸು ಹೋಗಿ ನಿಲ್ಲುವುದು ಆ ಮೊದಲ ಸೋಮವಾರದಲ್ಲೇ. ಮೂರು ತಲೆಮಾರಿಗೆ ಹೋಳಿಗೆ ಬೇಯಿಸಿ ಬಡಿಸಿದ ದೊಡ್ಡಮ್ಮ ಅವತ್ತು ಒಂದು ಚೂರು ಮುರಿದು ಬಾಯಿಗಿಟ್ಟು, ಮಗುವಿನ ಹಾಗೆ ನನ್ನನ್ನು ನೋಡಿದರು.

"ಬಿಸಿಯಾಗಿದ್ದಾಗ ಹೋಳಿಗೆ ಹೀಗಿರುತ್ತೇನೋ!"