ಪೂಜೆಗಿಟ್ಟ ಫೈಲು

ನಮ್ಮಮ್ಮನಿಗೆ ಸೇರಿದ ಕಾಗದಪತ್ರಗಳೆಲ್ಲ ಒಂದೇ ಒಂದು ಕಂದು ಫೈಲಿನಲ್ಲಿ ಹಿಡಿಸುತ್ತಿದ್ದವು. ಸಸ್ಯಶಾಸ್ತ್ರದ ಎಂ.ಎಸ್‌ಸಿ. ಪದವಿಪತ್ರ, ಅಂಕಪಟ್ಟಿಗಳು, ಅವಳ ಪ್ರೊಫೆಸರರು ಕೊಟ್ಟ ಶಿಫಾರಸು ಪತ್ರ, ಕೆರೆಯ ಪಾಚಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪೆನ್ಸಿಲಿನಲ್ಲಿ ಬರೆದ ಒಂದಷ್ಟು ಚಿತ್ರಗಳು. ಮೈಸೂರಿನಲ್ಲಿ ಓದಿ, ಮದುವೆಯಾಗಿ, ಅಪ್ಪನ ಬ್ಯಾಂಕ್ ಕೆಲಸದ ಹಿಂದೆ ಮದರಾಸಿಗೆ ಬಂದವಳು. ಮಾಂಬಲಂ ಸ್ಟೇಷನ್ನಿನ ಹತ್ತಿರದ ನಮ್ಮ ಬಾಡಿಗೆ ಮನೆಯಲ್ಲಿ ಆ ಫೈಲು ಟ್ರಂಕಿನ ತಳದಲ್ಲಿ, ಅವಳ ಧಾರೆ ಸೀರೆಯ ಕೆಳಗಿರುತ್ತಿತ್ತು. "ಎರಡು ವರ್ಷ ಪಾಚಿ ಓದಿದ್ಳಂತೆ. ಬಚ್ಚಲಲ್ಲಿ ಬೇಕಾದಷ್ಟಿದೆ, ತಿಕ್ಕಲಿ," ಎಂದು ಅಜ್ಜಿ, ಅಪ್ಪನ ತಾಯಿ, ಬಂದವರೆದುರೆಲ್ಲ ನಗುತ್ತಿದ್ದರು. ಅಮ್ಮನೂ ಜೊತೆಗೆ ನಗುತ್ತಿದ್ದಳು. ಆ ನಗುವನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ವರ್ಷಕ್ಕೊಮ್ಮೆ ಮಾತ್ರ ಫೈಲು ಹೊರಗೆ ಬರುತ್ತಿತ್ತು. ನವರಾತ್ರಿಯಲ್ಲಿ ಬೊಂಬೆ ಕೂರಿಸಿದ ಮೆಟ್ಟಿಲುಗಳ ಮುಂದೆ ಮಣೆ ಹಾಕಿ, ಮೂಲಾ ನಕ್ಷತ್ರದ ದಿನ ಮನೆಯವರ ಪುಸ್ತಕಗಳನ್ನೆಲ್ಲ ಪೇರಿಸಿ, ರೇಷ್ಮೆ ವಸ್ತ್ರ ಹೊದಿಸಿ ಸರಸ್ವತಿಯನ್ನು ಕರೆಯುವುದು ನಮ್ಮ ಪದ್ಧತಿ. ಪಕ್ಕದ ತಮಿಳರ ಮನೆಯಲ್ಲಿ ಒಂದೇ ದಿನದ ಪೂಜೆ. ಮರುದಿನ ಪುಸ್ತಕ ಕೈಗೆ ಸಿಗುತ್ತಿತ್ತು. ನಮ್ಮಲ್ಲಿ ನಾಲ್ಕನೆಯ ದಿನ, ಶ್ರವಣ ನಕ್ಷತ್ರದಲ್ಲಿ ವಿಸರ್ಜನೆಯಾಗುವವರೆಗೂ ಒಂದು ಹಾಳೆಯನ್ನೂ ಮುಟ್ಟುವಂತಿಲ್ಲ. ಓದೂ ಇಲ್ಲ, ಬರಹವೂ ಇಲ್ಲ. ನನಗಂತೂ ಅದು ಸ್ವರ್ಗ.

ಎಪ್ಪತ್ತರ ದಶಕದ ಕೊನೆ; ನನಗೆ ಹತ್ತು ವರ್ಷ. ಗಿಂಡಿಯ ಆಚೆಗಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಅಮ್ಮ ಅರ್ಜಿ ಹಾಕಿದ್ದಳು. ವಯಸ್ಸಿನ ಮಿತಿಗೆ ಅದೇ ಕೊನೆಯ ವರ್ಷ. ಅದು ತಪ್ಪಿದರೆ ಆ ಪದವಿಪತ್ರ ಬರಿಯ ಕಾಗದ. ಮೂಲಾದ ದಿನ ಬೆಳಿಗ್ಗೆ ಫೈಲಿಗೆ ತಾನೇ ಅರಿಶಿನ ಕುಂಕುಮ ಹಚ್ಚಿ, ಎಲ್ಲ ಪುಸ್ತಕಗಳ ಮೇಲೆ ಇಟ್ಟು, ಬಹಳ ಹೊತ್ತು ಕೈಮುಗಿದು ನಿಂತಳು. ಮಧ್ಯಾಹ್ನದ ಟಪಾಲಿನಲ್ಲಿ ಕಾಲೇಜಿನ ಕಾಗದ ಬಂತು: ನಾಳೆ ಹತ್ತು ಗಂಟೆಗೆ ಸಂದರ್ಶನ, ಅಸಲು ಪದವಿಪತ್ರ ತರದವರನ್ನು ಒಳಗೆ ಬಿಡುವುದಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

"ಅತ್ತೆ, ಫೈಲ್ ಒಂದೇ ತಗೋತೀನಿ. ಮಧ್ಯಾಹ್ನದೊಳಗೆ ತಂದಿಟ್ಬಿಡ್ತೀನಿ. ತಪ್ಪುಕಾಣಿಕೆ ಬೇಕಾದ್ರೂ ಕಟ್ಟಿಡ್ತೀನಿ," ಎಂದಳು ಅಮ್ಮ.

"ತಾಯೀನ ಕರೆದು ಕೂರಿಸಿ, ಅವಳ ಮುಂದಿಂದ ಕಿತ್ಕೊಂಡು ಹೋಗ್ತೀಯಾ? ಆ ಮಗು ವಿದ್ಯೆ ಏನಾಗ್ಬೇಕು?" ಅಜ್ಜಿ ಬೆರಳು ತೋರಿಸಿದ್ದು ನನ್ನ ಕಡೆಗೆ.

ಸಂಜೆ ಅಪ್ಪ ಬಂದಾಗ ಅವರಲ್ಲೂ ಬೇಡಿದಳು. "ಅಮ್ಮ ಬೇಡ ಅಂದ್ಮೇಲೆ ನಾನೇನ್ ಮಾಡ್ಲಿ? ಅಡ್ಜಸ್ಟ್ ಮಾಡ್ಕೋ," ಎಂದರು ಅಪ್ಪ, ಇಂಗ್ಲಿಷ್ ಪೇಪರಿನ ಹಿಂದಿನಿಂದ. ಅಪ್ಪನ ಪೇಪರಿಗೆ ಸರಸ್ವತಿಯ ಅಡ್ಡಿಯೇನೂ ಇರಲಿಲ್ಲ.

ಮರುದಿನ ಅಪ್ಪ ಬ್ಯಾಂಕಿಗೆ ಹೊರಟ ಮೇಲೆ ಅಜ್ಜಿ ಸ್ನಾನಕ್ಕೆ ಹೋದರು. ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡಳು. ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, ವಾಚು ಕಟ್ಟಿದ್ದಳು.

"ಫೈಲ್ ತಗೊಂಡು ಹೋಗ್ಬಿಡ್ತೀನಿ. ನಿನ್ನ ಅಟ್ಲಾಸ್ ಮೇಲಕ್ಕಿಟ್ಟು ವಸ್ತ್ರ ಹೊದಿಸಿದ್ರೆ ಗೊತ್ತಾಗಲ್ಲ. ಅಜ್ಜಿ ಕೇಳಿದ್ರೆ, ಡಾಕ್ಟರ್ ಹತ್ರ ಹೋದ್ಳು ಅನ್ನು. ಇದೊಂದ್ಸಲ, ಪುಟ್ಟಿ. ನಿನ್ನ ಕಾಲಿಗೆ ಬೀಳ್ತೀನಿ."

ತಾಯಿ ಮಗಳಿಗೆ ಹೇಳುವ ಮಾತೇ ಅದು? ನಾನು ಹೆದರಿಹೋದೆ. "ಎನಕ್ಕು ಬಯಮಾ ಇರುಕ್ಕು," ಭಯವಾಗುತ್ತಿದೆ ಎಂದು ತಮಿಳಿನಲ್ಲೇ ಅಂದೆ. ಶಾಲೆಯ ತಮಿಳು ನನಗೆ ಮನೆಯಲ್ಲೂ ಮೊದಲು ಬಾಯಿಗೆ ಬರುತ್ತಿತ್ತು. ಕ್ವಾರ್ಟರ್ಲಿ ಪರೀಕ್ಷೆಯ ಗಣಿತದ ಉತ್ತರಪತ್ರಿಕೆ ಇನ್ನೂ ಕೊಟ್ಟಿರಲಿಲ್ಲ. ಸರಸ್ವತಿ ಮುನಿದರೆ ಫೇಲಾಗುವವಳು ನಾನು. ಅಮ್ಮ ಬೊಂಬೆಯ ಕಡೆ ತಿರುಗಿದ್ದೇ ತಡ, ಓಡಿಹೋಗಿ ಬಚ್ಚಲಿನ ಬಾಗಿಲು ಬಡಿದು ಎಲ್ಲ ಹೇಳಿಬಿಟ್ಟೆ.

ಅಜ್ಜಿ ಒದ್ದೆ ಸೀರೆಯಲ್ಲೇ ಬಂದು ಮಣೆಗೆ ಅಡ್ಡವಾಗಿ ಕುಳಿತರು. "ತೆಗಿ, ನೋಡ್ತೀನಿ. ನನ್ನ ದಾಟಿ ತೆಗಿ." ಸೀರೆಯಿಂದ ನೀರಿಳಿದು ರಂಗೋಲಿ ಕಲಸಿಹೋಯಿತು. ಅಮ್ಮ ಬೇಡಿದಳು, ಅತ್ತಳು, ಕೊನೆಗೆ ನಿಜಕ್ಕೂ ಅಜ್ಜಿಯ ಕಾಲು ಹಿಡಿದಳು. ಅಜ್ಜಿ ಅಲುಗಾಡಲಿಲ್ಲ. ಸ್ಟೇಷನ್ನಿನಿಂದ ಎಲೆಕ್ಟ್ರಿಕ್ ಟ್ರೇನಿನ ಕೂಗು ಕೇಳಿಸಿತು, ಸ್ವಲ್ಪ ಹೊತ್ತಿಗೆ ಇನ್ನೊಂದು, ಆಮೇಲೆ ಮತ್ತೊಂದು. ಗಿಂಡಿ ಎರಡೇ ಸ್ಟೇಷನ್ನು. ಹತ್ತು ಹೊಡೆದ ಮೇಲೆ ಅಮ್ಮ ವಾಚು ಬಿಚ್ಚಿಟ್ಟು, ಸಂಜೆ ಬರುವ ಮುತ್ತೈದೆಯರಿಗೆಂದು ನೆನೆಹಾಕಿದ್ದ ಕಡಲೆಯನ್ನು ಉಸಲಿಗೆ ಬೇಯಲು ಇಟ್ಟಳು.

ಯಾರು ಹೇಳಿದ್ದು ಎಂದು ಅವಳು ಅಂದೂ ಕೇಳಲಿಲ್ಲ, ಮುಂದೆಂದೂ ಕೇಳಲಿಲ್ಲ. ಬೈದು ಎರಡು ಬಾರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಗಣಿತದಲ್ಲಿ ನನಗೆ ತೊಂಬತ್ತೆರಡು ಬಂತು, ಅದನ್ನೂ ಹೇಳಿಬಿಡುತ್ತೇನೆ. ಮುಂದಿನ ವರ್ಷ ಪೂಜೆಗೆ ಅಮ್ಮ ನನ್ನ ಪುಸ್ತಕಗಳನ್ನೂ ಅಜ್ಜಿಯ ರಾಮಾಯಣವನ್ನೂ ಜೋಡಿಸಿ ವಸ್ತ್ರ ಹೊದಿಸಿದಳು. ನಿನ್ನ ಫೈಲೆಲ್ಲಿ ಎಂದು ಕೇಳಿದೆ.

"ನಂದೇನಿದೆ ಇಡೋಕೆ?" ಎಂದಳು.

ಎಂಬತ್ತರ ದಶಕದಲ್ಲಿ, ನಾನು ಕಾಲೇಜಿನಲ್ಲಿದ್ದಾಗ, ಅಮ್ಮ ಕಾಮಾಲೆಯಾಗಿ ತೀರಿಕೊಂಡಳು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಟ್ರಂಕು ತೆಗೆದೆ. ಫೈಲಿನ ಮೇಲೆ ಕುಂಕುಮದ ಗುರುತು ಹಾಗೇ ಇತ್ತು. ಪಾಚಿಯ ಚಿತ್ರಗಳ ಹಿಂದೆ, ಆ ಕಾಲೇಜಿಗೆ ಅವಳು ಇಂಗ್ಲಿಷಿನಲ್ಲಿ ಬರೆದ ಪತ್ರದ ಕಾರ್ಬನ್ ಪ್ರತಿ ಸಿಕ್ಕಿತು. ಸಂದರ್ಶನದ ದಿನವೇ, ಬರೆಯಬಾರದ ದಿನವೇ ಬರೆದದ್ದು. ಇನ್ನೊಂದೇ ಒಂದು ದಿನ ಕೊಡಿ ಎಂದು ಮೂರು ಸಲ ಬೇಡಿಕೊಂಡಿದ್ದಳು. ಅದಕ್ಕೆ ಉತ್ತರ ಬಂದ ಗುರುತು ಫೈಲಿನಲ್ಲೆಲ್ಲೂ ಇರಲಿಲ್ಲ. ಬಾರದಿದ್ದಕ್ಕೆ ಕಾರಣವನ್ನೂ ಕೊಟ್ಟಿದ್ದಳು: ಮಗಳಿಗೆ ವಿಪರೀತ ಜ್ವರ, ಅವಳನ್ನು ಬಿಟ್ಟು ಬರಲಾಗಲಿಲ್ಲ.

ಆ ದಿನ ನನಗೆ ಜ್ವರವಿರಲಿಲ್ಲ. ಹೊಟ್ಟೆ ತುಂಬ ಉಸಲಿ ತಿಂದು, ಪಕ್ಕದ ಮನೆಯ ಬೊಂಬೆ ನೋಡಲು ಹೋಗಿದ್ದೆ.