ಅವ್ವನ ಹಾಡಿಗೆ ನಾನು ಕೊಟ್ಟ ಇಂಗ್ಲಿಷು

ಕಂಬಳಿ ಸುರುಳಿ ಹೊತ್ತು ಬಯಲಲ್ಲಿ ಅಲೆಯುವವನ ಬಗ್ಗೆ ಕಣ್ಣು ಮುಚ್ಚಿಕೊಂಡು ಪದ್ಯ ಹೇಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಕೈಯಲ್ಲಿ ಬಿಯರ್ ಗ್ಲಾಸು ಬೇರೆ ಇರುತ್ತದೆ. ಆದರೆ ಆ ಸಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಮೇಲಿನದೇ.

ಲಂಡನ್ನಿನ ಕ್ಯಾನರಿ ವಾರ್ಫಿನಲ್ಲಿರುವ ನಮ್ಮ ಆಫೀಸಿನಲ್ಲಿ ಒಬ್ಬ ಆಸ್ಟ್ರೇಲಿಯಾದವನಿದ್ದಾನೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಪಬ್ಬಿನ ಹಿಂದಿನ ಕೋಣೆಯಲ್ಲಿ ತನ್ನ ದೇಶದವರನ್ನು ಸೇರಿಸಿ ‘ಬುಷ್ ಪದ್ಯ’ಗಳ ಕೂಟ ನಡೆಸುತ್ತಾನೆ. ಬುಷ್ ಅಂದರೆ ಅವರ ಒಳನಾಡಿನ ಕುರುಚಲು ಬಯಲು. ಅಲ್ಲಿ ದನಕುರಿ ಹೊಡೆದುಕೊಂಡು ವಾರಗಟ್ಟಲೆ ನಡೆದವರು, ಕೂಲಿ ಹುಡುಕುತ್ತ ಅಲೆದ ಒಂಟಿ ಗಂಡಸರು, ಅವರ ಕಥೆಗಳೇ ಈ ಪದ್ಯಗಳು. ಒಂದು ದಿನ ಊಟದ ಹೊತ್ತಿನಲ್ಲಿ ಬಾಯಿ ತಪ್ಪಿ, ನಮ್ಮಪ್ಪನೂ ಅವ್ವನೂ ಕುರಿಹಿಂಡಿನ ಹಿಂದೆ ನಡೆದವರೇ ಅಂದುಬಿಟ್ಟೆ.

ಇಲ್ಲಿನ ಕನ್ನಡದವರ ಮುಂದೆ ಆ ಮಾತನ್ನು ನಾನು ಯಾವತ್ತೂ ಆಡಿದವಳಲ್ಲ. ಕೆಂಟನ್ ಬಡಾವಣೆಯಲ್ಲಿ ಹಬ್ಬದ ಊಟಕ್ಕೆ ಸೇರಿದಾಗ ‘ಓದದಿದ್ರೆ ಕುರಿ ಕಾಯೋಕೆ ಹೋಗು’ ಅಂತ ಮಕ್ಕಳನ್ನು ಗದರಿ ನಗುವವರ ನಡುವೆ ಹೇಗೆ ಆಡಲಿ? ಅಲ್ಲಿ ನಾನು ರೈತರ ಮಗಳು ಅಂತ ಹೇಳಿಕೊಂಡಿದ್ದೇನೆ. ಅವರ ಜೊತೆ ನಾನೂ ನಕ್ಕಿದ್ದೇನೆ, ನಾಚಿಕೆಗೆಟ್ಟವಳು.

ಆಗ ಅವ್ವ ಆರು ತಿಂಗಳ ಮಟ್ಟಿಗೆ ನನ್ನ ಜೊತೆಗಿದ್ದಳು. ಅವಳನ್ನೂ ಕರೆದುಕೊಂಡು ಬಾ ಅಂತ ಆಸ್ಟ್ರೇಲಿಯಾದವನು ಗಂಟುಬಿದ್ದ. ಅವ್ವ ಇಳಕಲ್ ಸೀರೆಯ ಮೇಲೆ ನನ್ನ ಕಾರ್ಡಿಗನ್ ಹಾಕಿಕೊಂಡು, ಸೇಬಿನ ಜ್ಯೂಸು ಹಿಡಿದು ಮುಂದಿನ ಸಾಲಿನಲ್ಲೇ ಕೂತಳು. ದಪ್ಪ ಗಂಡಸೊಬ್ಬ ಎದ್ದು ಬೆಂಕಿ, ನಕ್ಷತ್ರ, ಡಬ್ಬಿಯಲ್ಲಿ ಕುದಿಸಿದ ಚಹಾ ಅಂತ ಪದ್ಯ ಶುರುಮಾಡಿದ. ನಾನು ಅವ್ವನ ಕಿವಿಯಲ್ಲಿ ಅರ್ಥ ಹೇಳುತ್ತ ಹೋದೆ.

“ರೊಟ್ಟಿ ಯಾರ ಬಡದ್ರು?” ಅಂದಳು.

“ಇದರಾಗ ಹೆಣ್ಮಕ್ಕಳಿಲ್ಲಬೇ.”

“ಹಂಗಾದ್ರ ಕುದುರಿ ಮ್ಯಾಲಿನ ಗಂಟು, ಕೋಳಿ, ಕೂಸು, ಇವನ್ನೆಲ್ಲಾ ಯಾರ ನೋಡ್ಕೊಂಡ್ರು?”

ಅಷ್ಟರಲ್ಲಿ ಪದ್ಯ ಮುಗಿಯಿತು, ಚಪ್ಪಾಳೆ ಬಿತ್ತು. ನಮ್ಮ ಆಫೀಸಿನವನು ಅವ್ವನ ಮುಂದೆ ಬಗ್ಗಿ, ನೀವೂ ಏನಾದರೂ ಹೇಳಬೇಕು ಅಂದ. ನಾನು ಬೇಡ ಅನ್ನುವಷ್ಟರಲ್ಲಿ ಅವ್ವ ಎದ್ದು ನಿಂತಾಗಿತ್ತು. ಕುರಿಯ ಹಿಂದೆ ನಡೆಯುವಾಗ ತಾನೇ ಕಟ್ಟಿ ಹೇಳುತ್ತಿದ್ದ ಹಾಡು ತೆಗೆದಳು.

“ಹೊತ್ತ ಹುಟ್ಟೂದಕ್ಕಿಂತ ಮೊದಲ ಹೊಲ ಬಿಡು ಅಂದಾರ
ಹಾಲ ಕುಡಿಯೂ ಕೂಸ ಮಣ್ಣಾಗ ಇಟ್ಟೀನಿ
ಕುರಿ ನಿಂದರವಲ್ಲವು, ನಾ ಹೆಂಗ ನಿಂದರಲಿ.”

ಈ ಹಾಡಿನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹೊಲಕ್ಕೆ ಗೊಬ್ಬರವಾಗಲಿ ಅಂತ ಊರವರು ಕುರಿಹಿಂಡನ್ನು ತಮ್ಮ ಹೊಲದಲ್ಲಿ ಮಲಗಿಸಿಕೊಳ್ಳುತ್ತಾರೆ, ಬದಲಿಗೆ ಕಾಳು ಕೊಡುತ್ತಾರೆ, ಬೆಳಗಾದರೆ ಎಬ್ಬಿಸುತ್ತಾರೆ. ಹಾಗೆ ತಂಗಿದ್ದ ಒಂದು ಹೊಲದಲ್ಲಿ ನನ್ನ ಅಕ್ಕ, ಮೂರು ತಿಂಗಳ ಕೂಸು, ಜ್ವರ ಬಂದು ತೀರಿಕೊಂಡಳು. ಅವತ್ತೊಂದು ದಿನ ಇರುತ್ತೇವೆ ಅಂತ ಅಪ್ಪ ಕಾಲು ಹಿಡಿದರೂ ಹೊಲದ ಒಡೆಯ ಒಪ್ಪಲಿಲ್ಲ. ಬದುವಿನಲ್ಲಿ ಕೂಸನ್ನು ಹೂತು, ಅದೇ ಬೆಳಿಗ್ಗೆ ಹಿಂಡು ಹೊಡೆದುಕೊಂಡು ನಡೆದರು. ಮರುವರ್ಷ ಅದೇ ದಾರಿಯಲ್ಲಿ ಬಂದು ನೋಡಿದರೆ ಬದುವನ್ನೂ ಸೇರಿಸಿ ಉತ್ತಿದ್ದ ಪುಣ್ಯಾತ್ಮ. ಅವನ ವಂಶ ಹಾಳಾಗಲಿ.

ಹಾಡು ಮುಗಿದಾಗ ಅರ್ಥ ಏನು ಅಂತ ಎಲ್ಲರೂ ನನ್ನ ಮುಖ ನೋಡಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ: ತೆರೆದ ಆಕಾಶ, ಮುಗಿಯದ ದಾರಿ, ನಿಲ್ಲದ ಹಿಂಡು, ಅಮ್ಮ ಆ ದಿನಗಳನ್ನು ನೆನೆಯುತ್ತಿದ್ದಾಳೆ. ಸೋಮವಾರ ಆಫೀಸಿನಲ್ಲಿ ಯಾರ ಅಯ್ಯೋ ಪಾಪವೂ ನನಗೆ ಬೇಕಿರಲಿಲ್ಲ. ಅಷ್ಟಕ್ಕೆ ಅವಳ ಬಾಯಿಂದ ಹಾಡನ್ನು ಕಸಿದುಕೊಂಡೆ. ಎಲ್ಲರ ಮುಖ ಅರಳಿತು. ಎಂಥಾ ಸ್ವಾತಂತ್ರ್ಯ, ಅಂದಳು ಒಬ್ಬಾಕೆ, ಎದೆಯ ಮೇಲೆ ಕೈಯಿಟ್ಟು. ಸ್ವಾತಂತ್ರ್ಯವಂತೆ, ಮಣ್ಣಂಗಟ್ಟಿ. ಅವ್ವ ಒಂದೊಂದೇ ಮುಖ ನೋಡಿ, ಬಂದು ಕೂತಳು.

ಮನೆಗೆ ಹೋಗುವ ಟ್ಯೂಬ್ ರೈಲಿನಲ್ಲಿ, ನಾವು ಇಳಿಯುವ ರೇನರ್ಸ್ ಲೇನ್ ಹತ್ತಿರವಾದಾಗ ಅವ್ವ ಕೇಳಿದಳು.

“ನಾ ಹಾಡಿದ್ದಕ್ಕ ಅವರು ಯಾಕ ನಕ್ಕರು?”

“ಚಲೋ ಅನಿಸಿದ್ರ ನಗ್ತಾರಬೇ ಇಲ್ಲಿ ಮಂದಿ.”

“ಎಲ್ಲಾ ಹೇಳಿದೇನು ಅವರಿಗೆ?”

“ಹೇಳಿದೆ.”

ಅವ್ವ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು. ಸಿಟ್ಟಿನ ಧ್ವನಿಯಲ್ಲ, ಕುರಿಗೆ ಏನಾಗಿದೆ ಅಂತ ತಡವಿ ನೋಡುವಾಗಿನ ಧ್ವನಿ.

“ನನಗ ಇಂಗ್ಲಿಷ್ ಬರೂದಿಲ್ಲ ಖರೆ. ಬೇಬಿ ಅಂದ್ರ ಏನಂತ ಗೊತ್ತೈತಿ. ನೀ ಆ ಮಾತು ಒಮ್ಮಿನೂ ಅನ್ನಲಿಲ್ಲ.”

ನಾನು ಇಳಿಯಲು ಎದ್ದು ನಿಂತೆ.

“ಆ ಹೊಲದಾಂವ ಬದು ಉತ್ತ,” ಅಂದಳು ಅವ್ವ. “ಅವಗ ಅಕಿ ಏನೂ ಆಗಬೇಕಾಗಿರಲಿಲ್ಲ. ನಿನಗ ಅಕಿ ಅಕ್ಕ.”