ಎಡಗಡೆ ನಿಂತವನು

ಇನ್ನೂ ಬೆಳಕು ಹರಿದಿಲ್ಲ. ಇಂಗ್ಲೆಂಡಿನ ಬ್ರಿಡ್ಲಿಂಗ್ಟನ್ ಬಂದರಿನ ಚಹಾ ಗಾಡಿಯ ಪಕ್ಕ ನಿಂತು ಲೋರ್ನಾ ಕ್ಯಾಪಲ್‌ಮನ್ ಒಂದು ಕನ್ನಡಕದ ತುಕ್ಕು ಹಿಡಿದ ತಿರುಪು ಬಿಚ್ಚುತ್ತಿದ್ದಾರೆ. ಏಡಿ ಹಿಡಿಯುವ ದೋಣಿಗಳು ಒಂದೊಂದಾಗಿ ಮಂಜಿನೊಳಗೆ ಹೊರಟಿವೆ. ಎಂಜಿನ್ ಸದ್ದು ಕೇಳುತ್ತದೆ, ದೋಣಿ ಕಾಣುವುದಿಲ್ಲ. ದಡದ ಹೆಂಗಸರು ಸಮುದ್ರಕ್ಕೆ ಬೆನ್ನು ಹಾಕಿ ಚಹಾ ಕುಡಿಯುತ್ತಾರೆ. ಹೊರಟವನನ್ನು ತಿರುಗಿ ನೋಡಬಾರದು, ಕೈ ಬೀಸಬಾರದು. ಬೀಸಿದರೆ ಅವನು ಬರುವುದಿಲ್ಲ ಎಂಬುದು ಮೀನುಗಾರರ ಕೇರಿಯ ನಂಬಿಕೆ.

ಲೋರ್ನಾ ಮೇಲಿನ ಬೀದಿಯ ಕನ್ನಡಕದಂಗಡಿಯ ಸಹಾಯಕಿ. ಪರೀಕ್ಷೆ ಮಾಡುವ ಡಾಕ್ಟರರ ಹೆಸರು ಬಾಗಿಲ ಮೇಲಿದೆ, ಇವರದು ಎಲ್ಲೂ ಇಲ್ಲ. ಮೊದಲು ಏಡಿ ಬೇಯಿಸುವ ಶೆಡ್ಡಿನಲ್ಲಿದ್ದರು. ಅದು ಮುಚ್ಚಿದ ಮೇಲೆ ಇಲ್ಲಿಗೆ ಗುಡಿಸಲು ಬಂದವರು ಕೆಲಸ ಕಲಿತು ಉಳಿದುಕೊಂಡರು. ಅಂಗಡಿ ತೆರೆಯುವ ಮುಂಚೆ ಬಂದರಿಗೆ ಬಂದು ಉಪ್ಪುಗಾಳಿಗೆ ಕೆಟ್ಟ ಕನ್ನಡಕಗಳನ್ನು ಸರಿಮಾಡಿ ಕೊಡುತ್ತಾರೆ. ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಕನ್ನಡಕ ಕೊಡುವಾಗ ಕೊನೆಯ ಸಲ ಕಣ್ಣು ತೋರಿಸಿದ್ದು ಯಾವಾಗ ಎಂದು ಕೇಳದೆ ಬಿಡುವುದಿಲ್ಲ. ಅದಕ್ಕೇ ಅವರನ್ನು ಕಂಡರೆ ಗಂಡಸರು, "ಲೋರ್ನಾ ಬಂದ್ಲು, ಕಣ್ಣು ಮುಚ್ಕೊಳ್ರೋ" ಎಂದು ಕಿಚಾಯಿಸುತ್ತಾರೆ.

"ಅರವತ್ತಾದ್ರೆ ಪರೀಕ್ಷೆ ಪುಕ್ಕಟೆ ಅನ್ನೋದು ಎಲ್ರಿಗೂ ಗೊತ್ತು" ಎನ್ನುತ್ತಾರೆ ಲೋರ್ನಾ. "ಪವರ್ ಹತ್ತು, ಹತ್ತರ ಮೇಲೆ ಇದ್ರೂ ಪುಕ್ಕಟೆ. ಒಂದೇ ಕಣ್ಣಿಗಿದ್ರೂ ಸಾಕು, ವಯಸ್ಸು ಕೇಳಲ್ಲ. ಗೋಡೆ ಮೇಲೆ ಬರೆದು ಅಂಟಿಸಿದೀವಿ. ಏನ್ಮಾಡೋದು, ಓದ್ಬೇಕಾದವ್ರಿಗೇ ಅದು ಕಾಣ್ಸಲ್ಲ."

ಕಳೆದ ಚಳಿಗಾಲದಲ್ಲಿ ಗ್ಲೆನಿಸ್ ಜೆಂಕಿನ್ಸನ್ ಕಡ್ಡಿ ಮುರಿದ ಸೋಡಾಬುಡ್ಡಿ ಕನ್ನಡಕ ಕೊಟ್ಟು ಹೋದರು. ಅವರಿಗೆ ಅರವತ್ತಕ್ಕೆ ಇನ್ನೂ ಎರಡು ವರ್ಷ. ಗಂಡ ಡೆಸ್ ದೋಣಿ ಸಮೇತ ಕಾಣೆಯಾಗಿ ಬಹಳ ಕಾಲವಾಗಿತ್ತು, ಹೆಣವೂ ಸಿಕ್ಕಿರಲಿಲ್ಲ. ಲೋರ್ನಾ ಮಸೂರವನ್ನು ಯಂತ್ರದಲ್ಲಿಟ್ಟು ನೋಡಿದರೆ ಪವರ್ ಮೈನಸ್ ಹದಿಮೂರು. ಇಷ್ಟು ಪವರ್ ಇದ್ದವರ ಕಣ್ಣಿನ ಒಳಪದರ ತೆಳ್ಳಗಾಗಿ ಹರಿಯುವ ಭಯವಿರುತ್ತದೆ. ಮಾರನೆಯ ದಿನ ಕಡ್ಡಿ ಹಾಕಿದ ಕನ್ನಡಕ ಹಿಡಿದು, ಪುಕ್ಕಟೆ ಪರೀಕ್ಷೆಯ ಸುದ್ದಿ ಹೇಳಲು ಲೋರ್ನಾ ಅವರ ಮನೆಗೇ ಹೋದರು.

ಗ್ಲೆನಿಸ್ ಪರೀಕ್ಷೆ ಬೇಡವೆಂದರು. ದುಡ್ಡಿನ ಸಂಕೋಚವಿರಬೇಕೆಂದು ಲೋರ್ನಾ ಮತ್ತೆ ಮತ್ತೆ ವಿವರಿಸಿದರು. ಆಗ ಗ್ಲೆನಿಸ್ ದನಿ ತಗ್ಗಿಸಿ, "ಮೆಲ್ಲಗೆ ಮಾತಾಡು ಹುಡುಗಿ. ಅವನು ಇಲ್ಲೇ ಇದಾನೆ" ಎಂದರು.

ಒಂದು ವಾರದಿಂದ ಡೆಸ್ ಎಡಗಡೆ ಬಂದು ನಿಲ್ಲುತ್ತಿದ್ದನಂತೆ. ಮೊದಲು ಮಿಂಚು ಹೊಡೆದಂತಾಯಿತಂತೆ, ಆಮೇಲೆ ಕಪ್ಪಗೆ ಅವನು. ದಿನದಿಂದ ದಿನಕ್ಕೆ ಹತ್ತಿರ ಬರುತ್ತಿದ್ದಾನೆ. ಲೋರ್ನಾ ಎಡಕ್ಕೆ ನೋಡಿದರೆ ಅಲ್ಲಿ ಬರೀ ಗೋಡೆ. ತಿರುಗಿ ನೋಡಿದಿರಾ ಎಂದು ಕೇಳಿದರು.

"ಇಲ್ಲ" ಎಂದರು ಗ್ಲೆನಿಸ್. "ಅವತ್ತು ಅವನು ಹೊರಟಾಗ ತಿರುಗಿ ನೋಡಿ ಕೈ ಬೀಸ್ಬಿಟ್ಟಿದ್ದೆ. ಈ ಸಲ ನೋಡಲ್ಲ."

ಲೋರ್ನಾ ಬಾಯಿಂದ ಕೇಳಿ ಇದನ್ನು ಬರೆಯುತ್ತಿರುವ ನಾನು ದೆವ್ವ ನಂಬುವವಳಲ್ಲ. ಆದರೂ ಇದನ್ನು ಕೇಳಿದ ದಿನ ದೀಪ ಆರಿಸದೆ ಮಲಗಿದೆ. ಲೋರ್ನಾ ಮೀನುಗಾರನ ಮಗಳು, ತಿರುಗಿ ನೋಡಿ ಎನ್ನಲು ಅವರಿಗೂ ನಾಲಿಗೆ ಏಳಲಿಲ್ಲ. ಗ್ಲೆನಿಸ್ ಹಿಂದೆ ನಿಂತು ಅವರ ಎಡಗಣ್ಣನ್ನು ಅಂಗೈಯಿಂದ ಮುಚ್ಚಿದರು.

"ಈಗ?"

"ಇಲ್ಲ. ಹೋದ."

ಕೈ ತೆಗೆದರು. "ಬಂದ."

ಬಲಗಣ್ಣು ಮುಚ್ಚಿದರೂ ಅವನಿದ್ದ. ಕೋಣೆಯಲ್ಲಿಲ್ಲ, ಎಡಗಣ್ಣಿನೊಳಗೇ ಇದ್ದಾನೆಂದು ಇಬ್ಬರಿಗೂ ತಿಳಿಯಿತು. ಈಗಲೇ ಡಾಕ್ಟರರ ಹತ್ತಿರ ಹೋಗದಿದ್ದರೆ ಆ ಕಣ್ಣೇ ಹೋದೀತೆಂದು ಲೋರ್ನಾ ಹೇಳಿದರು. ಕಣ್ಣು ಸರಿಹೋದರೆ ಅವನು ಹೊರಟುಹೋಗುತ್ತಾನಲ್ಲ ಎಂದು ಗ್ಲೆನಿಸ್ ಕುರ್ಚಿ ಬಿಟ್ಟೇಳಲಿಲ್ಲ. "ನಾನು ಅವರ ಕೋಟು ತಂದು ಹಿಡ್ಕೊಂಡು ನಿಂತೆ" ಎನ್ನುತ್ತಾರೆ ಲೋರ್ನಾ. "ತುಂಬಾ ಹೊತ್ತಾದ್ಮೇಲೆ ತೋಳು ತೂರಿಸಿದ್ರು."

ಅಂಗಡಿಯ ಡಾಕ್ಟರರು ಕಣ್ಣು ನೋಡಿದ ಕೂಡಲೇ ಆಸ್ಪತ್ರೆಗೆ ಕಳಿಸಿದರು. ಎಡಗಣ್ಣಿನ ಒಳಪದರ ಕಿತ್ತುಬರುತ್ತಿತ್ತು, ಮಿಂಚೂ ಕಪ್ಪು ನೆರಳೂ ಅದರದೇ. ಅಂದೇ ಶಸ್ತ್ರಚಿಕಿತ್ಸೆ ನಡೆದು ದೃಷ್ಟಿಯ ಬಹುಪಾಲು ಉಳಿಯಿತು.

ಎಷ್ಟು ಒಳ್ಳೆಯ ಕೆಲಸ ಮಾಡಿದಿರಿ ಎಂದರೆ ಲೋರ್ನಾ ಮುಖ ಬಾಡುತ್ತದೆ. "ಕಣ್ಣು ಉಳಿಸ್ದೆ ಅಂತೀರಿ. ಅವರ ಗಂಡನ್ನ ಎರಡ್ನೇ ಸಲ ಕಳಿಸ್ಕೊಟ್ಟವಳೂ ನಾನೇ ತಾನೇ?" ಅವರಿಗೆ ಈಗ ಇರುವುದು ಒಂದೇ ಆಸೆ, ದಪ್ಪ ಕನ್ನಡಕದವರು ದೆವ್ವ ಕಂಡರೆ ಮೊದಲು ತಮ್ಮ ಅಂಗಡಿಗೆ ಬರಲಿ ಎಂದು.

ತಪ್ಪು ಮಾಡಿದೆನೇ ಎಂದು ಲೋರ್ನಾ ಒಮ್ಮೆ ಗ್ಲೆನಿಸರನ್ನೇ ಕೇಳಿಬಿಟ್ಟರಂತೆ. ಆಪರೇಷನ್ನಿಗೆ ಕರೆಯುವ ಮುಂಚೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನಡೆದದ್ದನ್ನು ಗ್ಲೆನಿಸ್ ಆಗ ಹೇಳಿದರು.

"ಕೊನೆಗೂ ತಿರುಗಿ ನೋಡ್ದೆ ಲೋರ್ನಾ. ನಾನು ತಿರುಗಿದಷ್ಟೂ ಸರೀತಾ ಹೋದ, ಮುಖ ತೋರಿಸ್ಲೇ ಇಲ್ಲ. ನನ್ನ ಡೆಸ್ ಆಗಿದ್ರೆ ನಿಲ್ತಿದ್ದ."